ನಿನ್ನ ಮಾಲಿ ಮೀನು ನಡುಗುತ್ತಿರುವುದು ಚಳಿಗಲ್ಲ

ಪ್ರೀತಿಯ ಸುರೇಶ,

ನಿನ್ನ ಮೀನಿನ ಟ್ಯಾಂಕಿನ ವಿಡಿಯೋ ನೋಡಿದೆ. ಕಪ್ಪು ಮಾಲಿ ನಿಂತಲ್ಲೇ ಮೈ ಕುಲುಕಿಸುತ್ತಿದೆ, ಒಂದಿಂಚೂ ಮುಂದೆ ಹೋಗುತ್ತಿಲ್ಲ, ಈಜುರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿದೆ. ಅಂಗಡಿಯವನು ಮೊದಲು ಚಳಿ ಎಂದು ಹೀಟರ್ ಮಾರಿದ, ಅದಕ್ಕೂ ಬಗ್ಗದಾಗ ನೀಲಿ ಔಷಧಿ ಕೊಟ್ಟ ಅಂತ ಬರೆದಿದ್ದೀಯ. ಹೀಟರ್ ಇರಲಿ ಮಾರಾಯ, ನಿಮ್ಮ ತೀರ್ಥಹಳ್ಳಿಯ ಮಳೆಗಾಲಕ್ಕೆ ಬೇಕಾಗುತ್ತದೆ. 26 ಡಿಗ್ರಿಗೆ ಇಟ್ಟು ಮರೆತುಬಿಡು. ಔಷಧಿ ಸುರಿಯುವುದನ್ನು ಮಾತ್ರ ಇವತ್ತೇ ನಿಲ್ಲಿಸು. ಇದೇ ಪ್ರಶ್ನೆಯನ್ನು ಮಲೆನಾಡಿನ ಇನ್ನೂ ಕೆಲವರು ಕೇಳಿದ್ದಾರೆ, ಹಾಗಾಗಿ ಉತ್ತರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನಿಮ್ಮ ಬಾವಿ ಜಂಬಿಟ್ಟಿಗೆ ನೆಲದ್ದು. ವರ್ಷವರ್ಷವೂ ಸುರಿಯುವ ಮಳೆ ಆ ಮಣ್ಣಿನ ಸುಣ್ಣದಂಶವನ್ನು ಯಾವಾಗಲೋ ತೊಳೆದುಕೊಂಡು ಹೋಗಿದೆ. ಹಾಗಾಗಿ ನೀರು ತೀರಾ ಮೆದು, ಸ್ವಲ್ಪ ಹುಳಿಯ ಕಡೆಗೂ ವಾಲಿರುತ್ತದೆ. ಬೆಂಗಳೂರಿನಿಂದ ಬಂದ ನೆಂಟರು ನಿಮ್ಮಲ್ಲಿ ಬೇಳೆ ಎಷ್ಟು ಬೇಗ ಬೇಯುತ್ತದೆ ಎಂದು ಹೊಗಳುತ್ತಾರಲ್ಲ, ಅದಕ್ಕೂ ಇದೇ ಕಾರಣ. ಬೇಳೆಗೆ ಒಳ್ಳೆಯದಾದ ನೀರು ಮಾಲಿಗೆ ಒಳ್ಳೆಯದಲ್ಲ. ಮಾಲಿಯ ಮೂಲ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ನದಿ, ಹಿನ್ನೀರು, ಅಳಿವೆ. ದೊಡ್ಡ ಬೆನ್ನುರೆಕ್ಕೆಯ ಸೈಲ್‌ಫಿನ್ ಮಾಲಿಯ ಒಂದು ಜಾತಿ ಯುಕಟಾನ್ ಪರ್ಯಾಯ ದ್ವೀಪದ್ದು, ಅಲ್ಲಿಯ ನೆಲವೆಲ್ಲ ಸುಣ್ಣಕಲ್ಲು. ಅಂಗಡಿಯಲ್ಲಿ ಸಿಗುವ ಮಾಲಿಗಳು ಎರಡು ಮೂರು ಜಾತಿಗಳ ಬೆರಕೆ, ಆದರೂ ಗಡಸು ನೀರಿನ ಆಸೆ ಯಾವುದಕ್ಕೂ ಹೋಗಿಲ್ಲ. ಮೈಯಲ್ಲಿರುವ ಲವಣವನ್ನು ಮೆದು ನೀರಿನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅವಕ್ಕೆ ಹಗಲೂ ರಾತ್ರಿಯ ಕೆಲಸವಾಗುತ್ತದೆ. ನೀನು ನೋಡುತ್ತಿರುವ ನಡುಕ ಆ ಸುಸ್ತು. ನನ್ನ ಬೋರ್‌ವೆಲ್‌ನ ಗಡಸು ನೀರು ನಲ್ಲಿಗೆಲ್ಲ ಬಿಳಿ ಪೊರೆ ಕಟ್ಟುತ್ತದೆ, ಗೀಸರ್ ಕಾಯಿಲ್ ತಿಂದುಹಾಕುತ್ತದೆ. ಮಾಲಿಗಳು ಮಾತ್ರ ಅದರಲ್ಲಿ ರಾಜರ ಹಾಗೆ ಓಡಾಡಿಕೊಂಡಿವೆ.

ಇನ್ನೊಂದು ಸಂಶಯವೂ ಇದೆ. ಟ್ಯಾಂಕ್ ಇಟ್ಟು ಒಂದು ತಿಂಗಳೂ ಆಗಿಲ್ಲ ಅಂದೆ. ಮೀನು ಕಿವಿರಿನಿಂದ ಹೊರಹಾಕುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್‌ಗೆ ತಿರುಗಿಸುತ್ತದೆ. ಇವು ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಹುಳಿ ನೀರಿನಲ್ಲಿ ಇನ್ನೂ ನಿಧಾನ. ಅಂಗಡಿಯವನು ಟ್ಯಾಂಕ್ ಮತ್ತು ಮೀನನ್ನು ಒಂದೇ ದಿನ ಕೊಟ್ಟು ಕಳಿಸಿದ್ದು ತಪ್ಪು. ಎಲ್ಲರೂ ಹಾಗೇ ಮಾಡುತ್ತಾರೆ, ಅದು ಬೇರೆ ಮಾತು.

ಈಗ ಮಾಡಬೇಕಾದ್ದು ಹೇಳುತ್ತೇನೆ, ಆದರೆ ಅನುಕ್ರಮ ತಪ್ಪಿಸಬೇಡ. ಮೊದಲ ನಾಲ್ಕೈದು ದಿನ ದಿನಕ್ಕೆ ಕಾಲು ಭಾಗ ನೀರು ಬದಲಿಸು, ಊಟ ಅರ್ಧಕ್ಕೆ ಇಳಿಸು. ಸಮುದ್ರದ ಚಿಪ್ಪನ್ನು ಆಮೇಲೆ ಹಾಕು. ಕುಂದಾಪುರದ ಕಡೆ ಹೋಗುವವರಿಗೆ ಹೇಳಿದರೆ ತಂದುಕೊಡುತ್ತಾರೆ. ಚೆನ್ನಾಗಿ ತೊಳೆದು, ಕುದಿಸಿ, ಪುಡಿಪುಡಿಯಾಗಿ ಒಡೆದು, ಬಲೆ ಚೀಲದಲ್ಲಿ ಕಟ್ಟಿ, ಫಿಲ್ಟರ್‌ನ ನೀರು ಬೀಳುವ ಜಾಗದಲ್ಲಿಡು. ಹುಳಿ ನೀರು ತಾಗಿದಂತೆ ಚಿಪ್ಪು ತಾನೇ ಮೆಲ್ಲಗೆ ಕರಗುತ್ತದೆ, ಹುಳಿ ಕಡಿಮೆಯಾದಂತೆ ಕರಗುವುದೂ ನಿಧಾನವಾಗುತ್ತದೆ. ಎರಡು ಚಿಟಿಕೆ ಎಪ್ಸಮ್ ಉಪ್ಪು ಹಾಕಿದರೆ ಮೆಗ್ನೀಸಿಯಂ ಕೂಡ ಸಿಕ್ಕಿತು. ಅಡುಗೆ ಉಪ್ಪು ಹಾಕಿದರೆ ನೀರು ಉಪ್ಪಾಗುತ್ತದೆ, ಗಡಸಾಗುವುದಿಲ್ಲ. ಎಲೆ ಅಡಿಕೆಯ ಸುಣ್ಣವನ್ನಂತೂ ಯಾರು ಹೇಳಿದರೂ ಹಾಕಬೇಡ. ನೀರಿನ ಪಿಎಚ್, ಅಂದರೆ ಹುಳಿ ಕಡಿಮೆಯಾದಂತೆ ಏರುವ ಅಳತೆ, ಒಮ್ಮೆಲೇ ಮೇಲೇರುತ್ತದೆ. ಹುಳಿ ನೀರಿನಲ್ಲಿ ಅಮೋನಿಯಂ ಆಗಿ ತೆಪ್ಪಗೆ ಕೂತಿದ್ದದ್ದು ಪಿಎಚ್ ಏರಿದಂತೆ ವಿಷದ ಅಮೋನಿಯಾ ಆಗಿ ಎದ್ದು ಕೂರುತ್ತದೆ, ಬೆಳಗಾಗುವುದರೊಳಗೆ ಟ್ಯಾಂಕ್ ಖಾಲಿ. ನೀರು ಬದಲಿಸುವ ಕೆಲಸ ಮೊದಲು ಅಂದದ್ದು ಇದಕ್ಕೇ.

ಇನ್ನು ನಿನ್ನ ಪುಟ್ಟ ಗಪ್ಪಿ ಮೀನುಗಳ ಬಗ್ಗೆ ಮಗಳ ಪ್ರಶ್ನೆ. "ಗಪ್ಪಿಯಲ್ಲಿ ಗಂಡೇ ಇಲ್ಲ, ಮರಿ ಹೇಗೆ ಬಂತು?" ಜಾಣ ಪ್ರಶ್ನೆ. ಅಂಗಡಿಯಿಂದ ತಂದ ಹೆಣ್ಣು ಗಪ್ಪಿ ಅಲ್ಲಿಯೇ ಗಬ್ಬವಾಗಿರುತ್ತದೆ ಅನ್ನುವುದು ಅರ್ಧ ಉತ್ತರ. ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ಹೆಣ್ಣು ತಿಂಗಳುಗಟ್ಟಲೆ ಮೈಯಲ್ಲಿ ಉಳಿಸಿಕೊಂಡು, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತಾ ಹೋಗಬಲ್ಲದು ಅನ್ನುವುದು ಉಳಿದರ್ಧ. ಹೊಟ್ಟೆಯ ಹಿಂಭಾಗದಲ್ಲಿರುವ ಕಪ್ಪು ಕಲೆ ದೊಡ್ಡದಾಗುತ್ತಾ ಬಂದು, ಹೊಟ್ಟೆ ಚೌಕವಾದಂತೆ ಕಂಡರೆ ದಿನ ಹತ್ತಿರ ಬಂತು ಅಂತ ಅವಳಿಗೆ ತೋರಿಸು. ಗಂಡನ್ನು ಗುರುತಿಸುವುದೂ ಸುಲಭ: ಹೆಣ್ಣಿನ ಕೆಳಗಿನ ಹಿಂಬದಿ ರೆಕ್ಕೆ ಬೀಸಣಿಗೆಯಂತೆ ಅಗಲ, ಗಂಡಿನದು ಕಡ್ಡಿಯಂತೆ ಚೂಪು.

ತಾಯಿಯೇ ಮರಿ ತಿಂದಿತು ಎಂದು ಅವಳು ಅತ್ತಳಂತೆ. ಮರಿ ಎಂಬ ಗುರುತು ಆ ತಾಯಿಗೆ ಇಲ್ಲ, ಕಣ್ಣೆದುರು ಚಿಕ್ಕದೇನೋ ಓಡಿತು, ಬಾಯಿ ಹಾಕಿತು, ಅಷ್ಟೇ. ಅದಕ್ಕೆಂದು ಬ್ರೀಡಿಂಗ್ ಬಾಕ್ಸ್ ತರಬೇಡ. ಗಬ್ಬದ ಮೀನನ್ನು ಆ ಗೇಣುದ್ದದ ಪೆಟ್ಟಿಗೆಯಲ್ಲಿ ಕೂಡಿಹಾಕಿದರೆ ಗಾಬರಿಯಿಂದ ದಿನ ತುಂಬದ ಮರಿಗಳನ್ನೇ ಹಾಕಿಬಿಡಬಹುದು. ಒಂದು ಹಿಡಿ ಜಾವಾ ಮಾಸ್ ಎಂಬ ನೀರಿನ ಹಾವಸೆ ಗಿಡ, ಮೇಲೆ ತೇಲುವ ದಟ್ಟ ಗಿಡ ಸಾಕು. ಹುಟ್ಟಿದ ಮರಿ ಮೇಲಕ್ಕೆ ಬಂದು ಅದರೊಳಗೆ ಅಡಗುತ್ತದೆ. ಕೆರೆಯಿಂದ ಪಾಚಿ ತರುವುದು ಬೇಡ, ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿಹುಳು ಬಂದರೆ ನಿನ್ನ ಮರಿಗಳೆಲ್ಲ ಅದರ ಪಾಲು. ಊಟಕ್ಕೆ ದೊಡ್ಡವರ ಕಾಳನ್ನೇ ಬೆರಳಲ್ಲಿ ತಿಕ್ಕಿ ಪುಡಿ ಮಾಡಿ ದಿನಕ್ಕೆ ಮೂರು ನಾಲ್ಕು ಸಲ ಚೂರು ಚೂರು ಹಾಕು. ಉತ್ಸಾಹವಿದ್ದರೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟಾಣಿ ಸಿಗಡಿಯ ಮೊಟ್ಟೆ ತರಿಸು: ಉಪ್ಪು ನೀರಿನ ಬಾಟಲಿಗೆ ಗಾಳಿ ಬಿಟ್ಟು, 28 ಡಿಗ್ರಿ ಬೆಚ್ಚಗಿಟ್ಟರೆ ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಜೀವಿಗಳು ಒಡೆದು ಬರುತ್ತವೆ. ಅದನ್ನು ತಿಂದ ಮರಿಗೂ ಬರೀ ಪುಡಿ ತಿಂದ ಮರಿಗೂ ಎರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಬಣ್ಣದ ತಳಿ ಮಾಡುತ್ತೇನೆ ಅನ್ನುವ ನಿನ್ನ ಆಸೆಯ ಬಗ್ಗೆ ಒಂದು ಮಾತು. ಗಂಡು ಗಪ್ಪಿಯ ಕೆಲವು ಬಣ್ಣಗಳು ಗಂಡಿಗಷ್ಟೇ ಇರುವ ವೈ ವರ್ಣತಂತುವಿನ ಮೇಲೆ ಕೂತು ಅಪ್ಪನಿಂದ ಮಗನಿಗೆ ನೇರವಾಗಿ ಇಳಿಯುತ್ತವೆ ಎಂದು ಡೆನ್ಮಾರ್ಕಿನ ತಳಿವಿಜ್ಞಾನಿ ಓಯ್ವಿಂಡ್ ವಿಂಗೆ 1922ರಲ್ಲೇ ತೋರಿಸಿದ್ದ. ಹಾಗಂತ ದುಬಾರಿಯ ಫುಲ್ ರೆಡ್ ತಳಿಯ ಗಂಡು ತಂದು ನಿನ್ನ ಈಗಿನ ಹೆಣ್ಣುಗಳ ಜೊತೆ ಬಿಟ್ಟರೆ ದುಡ್ಡು ದಂಡ, ಮುಂದಿನ ಕೆಲವು ಸೂಲು ಅಂಗಡಿ ತೊಟ್ಟಿಯ ಯಾವನೋ ಗಂಡಿನದೇ ಆಗಬಹುದು. ತಳಿ ಬೇಕೆಂದರೆ ಮರಿಗಳಿಗೆ ಮೂರು ನಾಲ್ಕು ವಾರವಾಗುವಾಗಲೇ ಹೆಣ್ಣುಗಳನ್ನು ಬೇರ್ಪಡಿಸಬೇಕು, ಅದಕ್ಕೆ ಎರಡನೇ ಟ್ಯಾಂಕ್ ಬೇಕು, ಆಮೇಲೆ ಮೂರನೆಯದು. ನಿನ್ನ ಜಗಲಿ ನೆನೆಸಿಕೊಂಡು ತೀರ್ಮಾನ ಮಾಡು. ಪ್ಲಾಟಿ ಮತ್ತು ಸ್ವಾರ್ಡ್‌ಟೇಲ್ ಮೀನುಗಳನ್ನೂ ಒಟ್ಟಿಗೆ ಬಿಟ್ಟಿದ್ದೀಯ, ಅವೂ ಒಂದಕ್ಕೊಂದು ಕೂಡುತ್ತವೆ. ಅಂಥ ಕೆಲವು ಬೆರಕೆ ಮರಿಗಳ ಕಪ್ಪು ಚುಕ್ಕೆ ಕ್ಯಾನ್ಸರ್ ಗಡ್ಡೆಯಾಗಿ ಬೆಳೆಯುವುದನ್ನು 1920ರ ದಶಕದಲ್ಲೇ ಕಂಡುಕೊಂಡರು, ಇವತ್ತಿಗೂ ಆ ಮೀನುಗಳ ಮೇಲೆ ಸಂಶೋಧನೆ ನಡೆಯುತ್ತಿದೆ. ಬಲೂನ್ ಮಾಲಿ ಮಾತ್ರ ತರಲೇಬೇಡ. ಆ ದುಂಡು ಹೊಟ್ಟೆ ಬೆನ್ನುಮೂಳೆ ಸೊಟ್ಟಗಾಗಿ ಬಂದದ್ದು, ಅದನ್ನು ಚೆಂದ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಲೆಕ್ಕಕ್ಕೆ ಬಾ. ಒಂದು ಸೂಲಿಗೆ ಮೂವತ್ತು ಮರಿ, ಅದರಲ್ಲಿ ಹದಿನೈದು ಹೆಣ್ಣು, ಮೂರು ತಿಂಗಳಿಗೆ ಅವೂ ಗಬ್ಬ. ಅವು ಒಂದೊಂದು ಸೂಲು ಹಾಕಿದರೂ 450. ನಿನ್ನ ಎರಡಡಿ ಟ್ಯಾಂಕಿನಲ್ಲಿ ಹಿಡಿಯುವುದು ಐವತ್ತು ಚಿಲ್ಲರೆ ಲೀಟರ್ ನೀರು. ಆಗ ಎಲ್ಲರಿಗೂ ಹೊಳೆಯುವುದು ಒಂದೇ ಉಪಾಯ: ಹಳ್ಳಕ್ಕೆ ಬಿಡೋಣ, ಪಾಪ, ಬದುಕಿಕೊಳ್ಳಲಿ. ಅದೇ ಭಯ ನನಗೆ. ಬದುಕಿಕೊಳ್ಳುತ್ತವೆ! ಗಪ್ಪಿ ದಕ್ಷಿಣ ಅಮೆರಿಕದ ಉತ್ತರದಂಚಿನ, ಟ್ರಿನಿಡಾಡ್ ಕಡೆಯ ಮೀನು. 1908ರಲ್ಲಿ ಸೊಳ್ಳೆ ಮರಿ ತಿನ್ನಲೆಂದು ಭಾರತಕ್ಕೆ ತಂದರು, ಇವತ್ತು ಎಷ್ಟೋ ಊರುಗಳ ಚರಂಡಿಯಲ್ಲೂ ಅದರದ್ದೇ ಕಾರುಬಾರು. ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗೋ ಬಾವಿಗೋ ಬಿಡುವುದು ಒಂದು, ನೀನು ತುಂಗೆಗೆ ಸೇರುವ ಹಳ್ಳಕ್ಕೆ ಬಿಡುವುದು ಇನ್ನೊಂದು. ನಿಮ್ಮ ತೋಡಿನಲ್ಲಿ ನೀರಿನ ಮೇಲ್ಮೈಗೇ ಅಂಟಿಕೊಂಡು ಓಡಾಡುವ, ನೆತ್ತಿಯ ಮೇಲೆ ಹೊಳೆಯುವ ಚುಕ್ಕೆಯಿರುವ ಚಪ್ಪಟೆ ತಲೆಯ ಮೀನು ನೋಡಿದ್ದೀಯಲ್ಲ, ಅದೂ ಸೊಳ್ಳೆ ಮರಿಗಳನ್ನೇ ತಿನ್ನುತ್ತದೆ, ಅದು ಇಲ್ಲಿಯದೇ. ಅದರ ಜಾಗಕ್ಕೆ ಗಪ್ಪಿಯನ್ನು ನುಗ್ಗಿಸಬೇಡ.

ಸುಲಭದ ದಾರಿ ಎಂದರೆ ಗಪ್ಪಿಯಲ್ಲಿ ಬರೀ ಗಂಡುಗಳನ್ನು ಇಟ್ಟುಕೊಳ್ಳುವುದು. ಬಣ್ಣವೆಲ್ಲ ಇರುವುದು ಅವಕ್ಕೇ, ಮರಿಯ ಗೊಡವೆಯಿಲ್ಲ, ಮಗಳಿಗೆ ನೋಡಲೂ ಚೆಂದ. ಹೆಣ್ಣುಗಳನ್ನು ಶಿವಮೊಗ್ಗದ ಯಾವುದಾದರೂ ಅಂಗಡಿಗೆ ಕೊಡು, ದುಡ್ಡು ಕೊಡದಿದ್ದರೂ ಊಟದ ಡಬ್ಬಿಯನ್ನಾದರೂ ಕೊಡುತ್ತಾರೆ. ಹೆಣ್ಣು ಮಾಲಿಗಳಿಗೆ ಈ ಸ್ಥಿತಿಯಲ್ಲಿ ಗಂಡಿನ ಕಾಟ ಬೇಡ, ಮೊದಲು ಚೇತರಿಸಿಕೊಳ್ಳಲಿ. ಅಲ್ಲಿಯವರೆಗೆ ಗಂಡನ್ನು ಬೇರೆ ಬಕೆಟ್ಟಿನಲ್ಲಿಡು, ಅದಕ್ಕೂ ಒಂದು ಸ್ಪಂಜ್ ಫಿಲ್ಟರ್ ಬೇಕು. ಆ ಗಂಡು ಮಾಲಿಯನ್ನು ಯಾರಿಗಾದರೂ ಕೊಟ್ಟುಬಿಡುವ ಮನಸ್ಸಾದರೆ ಮೊದಲು ನನಗೆ ಫೋನ್ ಮಾಡು, ನನ್ನ ಹತ್ತಿರ ಸದ್ಯಕ್ಕೆ ಹೆಣ್ಣು ಮಾಲಿಗಳಷ್ಟೇ ಉಳಿದಿವೆ.

ನಿನ್ನ,
ರಘು