ಹೊಗಳಿಸಿಕೊಂಡ ಆತಂಕ

ಮಾರಾಯಾ,

ಮೊನ್ನೆ ಫೋನಿನಲ್ಲಿ ನೀನು ವಿಚಾರಿಸಿದಾಗ "ಏನಿಲ್ಲ, ಕೆಲಸ ಜಾಸ್ತಿ" ಅಂದುಬಿಟ್ಟೆ. ಪಕ್ಕದಲ್ಲಿ ಜನ ಇದ್ದರು. ಈಗ ಪೂರ್ತಿ ಹೇಳುತ್ತೇನೆ.

ತೋಟದವರು ಬೆಳಿಗ್ಗೆದ್ದು ಮಳೆ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ ಅಳೆದು ಬರೆದಿಡುವುದು ನಿನಗೆ ಗೊತ್ತಲ್ಲ. ನಾನು ಮಧ್ಯರಾತ್ರಿಯೂ ಟಾರ್ಚ್ ಹಿಡಿದು ಅಳೆಯಲು ಹೋಗುತ್ತಿದ್ದೆ. ಹಾಗೇ ಮನೆ ಹಿಂದಿನ ಬರೆಯ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಯ, ಮೇಲೂ ಬೆಳಕು ಆಡಿಸಿ ಬರುತ್ತಿದ್ದೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದದ್ದನ್ನು ಕಂಡ ಊರಿದು. ಇಲ್ಲಿ ಇಂಥವನನ್ನು ಜವಾಬ್ದಾರಿ ಮನುಷ್ಯ ಅನ್ನುತ್ತಾರೆ. ಹೊಗಳಿಕೆ ಸಿಗುವ ಕಾಯಿಲೆಗೆ ಯಾರು ಮದ್ದು ಹುಡುಕುತ್ತಾರೆ ಹೇಳು!

ಬರೆಯ ಅಪಾಯ ಸುಳ್ಳಲ್ಲ. ಬೇಸಿಗೆಯಲ್ಲೇ ತಿಳಿದವರನ್ನು ಕರೆಸಿ ತೋರಿಸಿ, ಮೇಲಿನ ನೀರು ಪಕ್ಕಕ್ಕೆ ಹೋಗುವ ಹಾಗೆ ಚರಂಡಿ ತೆಗೆಸಿದೆ. ಮಳೆಗಾಲ ಕಳೆಯಿತು, ಜನವರಿ ಬಂತು. ಕಣದಲ್ಲಿ ಕಾಫಿ ಒಣಗುತ್ತಿದೆ, ಆಕಾಶದಲ್ಲಿ ಚೂರು ಮೋಡವಿಲ್ಲ. ಆದರೂ ಅದೇ ಹೊತ್ತಿಗೆ ಎಚ್ಚರ. ಈಗ ಬರೆ ಬದಲು ಕುಯ್ಲಿಗೆ ಜನ ಬರುತ್ತಾರೋ ಇಲ್ಲವೋ, ಮಗಳು ಯಾಕೆ ಮೆಸೇಜ್ ನೋಡಿಲ್ಲ, ಇಂಥವು. ಇದು ಜವಾಬ್ದಾರಿಯಲ್ಲ, ಆತಂಕದ ಕಾಯಿಲೆ ಇರಬಹುದೇ ಅಂತ ಆಗಲೇ ಅನುಮಾನ ಬಂತು.

ಇದರಲ್ಲಿ ಭಯ ಅನ್ನಿಸುವಂಥದ್ದು ಏನೂ ಇರಲಿಲ್ಲ, ಅದೇ ವಿಚಿತ್ರ. ಬೆಳಿಗ್ಗೆ ದವಡೆ ನೋವು. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ ಅಂದರು ದಂತವೈದ್ಯರು. ಹೆಗಲು ಸದಾ ಬಿಗಿ. ಊಟ ಮಾಡಿದರೆ ಹೊಟ್ಟೆ ಕೆಡುವುದು, ಸಣ್ಣದಕ್ಕೂ ರೇಗುವುದು. ಮದುವೆ ಮನೆಗೆ ಹೋಗದಿರಲು ನೆಪ ಹುಡುಕುವುದು ಬೇರೆ.

ಡಾಕ್ಟರು ಏಳು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರದಲ್ಲಿ ಚಿಂತೆ ತಡೆಯಲಾಗದ್ದು, ಸುಮ್ಮನೆ ಕೂರಲಾಗದ್ದು ಎಷ್ಟು ಸಲ ಅಂತೆಲ್ಲ ಇತ್ತು. ಹಾಳೆಯೊಂದರಿಂದಲೇ ತೀರ್ಮಾನಿಸುವುದಿಲ್ಲ ಅಂತ ತುಂಬಾ ಹೊತ್ತು ಮಾತಾಡಿಸಿದರು. ಥೈರಾಯ್ಡ್ ಹೆಚ್ಚಾದರೂ ಎದೆ ಡವಗುಟ್ಟುತ್ತದಂತೆ, ಅದಕ್ಕೆ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಕಾಫಿ ಕಮ್ಮಿ ಮಾಡಿ ಅಂದರು, ಕಾಫಿ ಬೆಳೆಯುವವನಿಗೆ! ಈಗ ಆಪ್ತಸಮಾಲೋಚನೆಗೆ ಹೋಗುತ್ತಿದ್ದೇನೆ. ನಿದ್ದೆ ಪೂರ್ತಿ ಸರಿಯಾಗಿಲ್ಲ, ಟಾರ್ಚ್ ಮಾತ್ರ ಬೀರು ಸೇರಿದೆ.

ಬೈಯಬೇಡ, ಒಂದು ಕೇಳುತ್ತೇನೆ. ನೀನು ಎದೆಯುರಿ ಅಂತ ಮಾತ್ರೆ ನುಂಗುತ್ತಲೇ ಇದ್ದೀಯ, ರಜೆಯಲ್ಲೂ ಆಫೀಸಿನ ಮೇಲ್ ನೋಡದೆ ಊಟಕ್ಕೆ ಕೂರುವುದಿಲ್ಲ. ಬೆಂಗಳೂರಿನಲ್ಲೇ ಇರುವವನಿಗೆ ನಿಮ್ಹಾನ್ಸ್ ದೂರವೇನಲ್ಲ. ಅಲ್ಲಿಗೆ ಹೋಗಲು ಮುಜುಗರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಾಡಿದ ಮೇಲೆ ನನಗೊಂದು ಕಾಲ್ ಹಾಕು. ಈ ಸಲ ಪಕ್ಕದಲ್ಲಿ ಜನ ಇದ್ದರೂ ಎದ್ದು ಆಚೆ ಬಂದು ಮಾತಾಡುತ್ತೇನೆ.

ನಿನ್ನವ