ಶೀನನಿಗೆ, ಹ್ಯಾಟ್‌ಶೆಪ್‌ಸುಟ್ ನೆಪದಲ್ಲಿ

ಪ್ರೀತಿಯ ಶೀನ,

ಒಂದು ಫೋನಿನಲ್ಲಿ ಮುಗಿಯುವ ಮಾತಿಗೆ ಊರೆಲ್ಲ ಓದುವ ಹಾಗೆ ಪತ್ರ ಯಾಕೋ ಅಂತ ಬೈಯಬೇಡ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಇಲ್ಲಾದರೆ ನಾಲ್ಕು ಜನ ನೋಡುತ್ತಿರುತ್ತಾರೆ, ಮರ್ಯಾದೆಗಾದರೂ ಕೊನೆತನಕ ಓದುತ್ತೀಯ. ಮೂರನೇ ಇಡ್ಲಿಯ ವಿಷಯ ಎತ್ತುವುದಿಲ್ಲ, ಧೈರ್ಯವಾಗಿರು.

ಕಾದಂಬರಿ ಎಲ್ಲಿಗೆ ಬಂತು ಅಂತ ಕೇಳಿದ್ದೆಯಲ್ಲ. ನಮ್ಮ ಹ್ಯಾಟ್‌ಶೆಪ್‌ಸುಟ್ ಪಟ್ಟಕ್ಕೇರಿ ಆಯ್ತು. ಕ್ರಿಸ್ತಪೂರ್ವ 15ನೇ ಶತಮಾನದ ಈಜಿಪ್ಟ್. ಗಂಡ ಎರಡನೇ ಥಟ್‌ಮೋಸ್ ತೀರಿಕೊಂಡ. ಇವಳಿಗೆ ಇದ್ದವಳು ನೆಫೆರುರೆ ಎಂಬ ಮಗಳು. ಪಟ್ಟ ಸವತಿಯ ಮಗನಿಗೆ ಹೋಯಿತು, ಅವನೇ ಮೂರನೇ ಥಟ್‌ಮೋಸ್. ಇನ್ನೂ ಚಿಕ್ಕವನು. ಅವನ ಪರವಾಗಿ ರಾಜ್ಯ ನೋಡಿಕೊಳ್ಳಲು ಕೂತವಳು ಅವನ ಆಳ್ವಿಕೆಯ ಏಳನೇ ವರ್ಷದ ಹೊತ್ತಿಗೆ ತಾನೇ ಫೇರೋ, ಅಂದರೆ ಈಜಿಪ್ಟಿನ ದೊರೆ, ಆಗಿಬಿಟ್ಟಿದ್ದಳು. ರಾಜರ ಬಿರುದು, ರಾಜರ ಕಿರೀಟ, ಮೂರ್ತಿಗಳಲ್ಲಿ ಗಲ್ಲಕ್ಕೆ ಕಟ್ಟಿಕೊಂಡ ಗಡ್ಡ, ಎಲ್ಲ.

ಇಲ್ಲಿಯತನಕ ಬರೆದದ್ದರಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಪುಂಟ್ ದೇಶದ ಅಧ್ಯಾಯ. ಆಳ್ವಿಕೆಯ ಒಂಬತ್ತನೇ ವರ್ಷ ಅವಳು ಅಲ್ಲಿಗೆ ಐದು ಹಡಗು ಕಳಿಸಿದಳು. ದೇರ್ ಎಲ್ ಬಹ್ರಿಯಲ್ಲಿ ಅವಳು ಕಟ್ಟಿಸಿದ ದೇವಸ್ಥಾನದ ಗೋಡೆ ಮೇಲೆ ಆ ಇಡೀ ಪ್ರವಾಸ ಕೆತ್ತಿದ್ದಾರೆ. ಧೂಪದ ಮರಗಳನ್ನು ಬೇರುಸಮೇತ ಕಿತ್ತು, ಬುಟ್ಟಿಯಲ್ಲಿಟ್ಟು, ಗಳಕ್ಕೆ ಕಟ್ಟಿ ಹೆಗಲ ಮೇಲೆ ಹೊತ್ತು ತರುತ್ತಿದ್ದಾರೆ. ಹಡಗಿನಲ್ಲಿ ಕೋತಿಗಳು ಬೇರೆ. ಪುಂಟ್ ದೊರೆಯ ಹೆಂಡತಿ ಭಾರೀ ದಪ್ಪ ಹೆಂಗಸು, ಮಡಿಕೆ ಮಡಿಕೆಯಾಗಿ ತೋರಿಸಿದ್ದಾರೆ. ಹತ್ತಿರದಲ್ಲೇ ಸಣ್ಣದೊಂದು ಕತ್ತೆ. ಅದರ ಮೇಲೆ ‘ಅವನ ಹೆಂಡತಿಯನ್ನು ಹೊರುವ ಕತ್ತೆ’ ಅಂತ ಬರಹ! ಆ ಕತ್ತೆಯ ಮುಖ ನೋಡಿ ನನಗೆ ಯಾರು ನೆನಪಾದರು ಅಂತ ನಿನಗೆ ಗೊತ್ತು. ಹೆಸರು ಬೇಡ, ಅವರೂ ಇದನ್ನು ಓದುತ್ತಾರೆ.

ಸೆನೆನ್‌ಮುಟ್ ಜೊತೆ ಒಂದು ಪ್ರೇಮ ಇಡು, ಪುಸ್ತಕ ಓಡುತ್ತೆ ಅಂದಿದ್ದೆ. ಇಟ್ಟಿಲ್ಲ. ಸಾಮಾನ್ಯ ಮನೆತನದಿಂದ ಬಂದು ಅವಳ ಆಸ್ತಿಪಾಸ್ತಿಯನ್ನೂ ಮಗಳನ್ನೂ ನೋಡಿಕೊಳ್ಳುವ ಮಟ್ಟಕ್ಕೆ ಏರಿದವನು ಅವನು. ಅದೇ ದೇವಸ್ಥಾನದ ಗೂಡುಗಳಲ್ಲಿ, ಬಾಗಿಲು ತೆರೆದಾಗ ಅದರ ಹಿಂದೆ ಮರೆಯಾಗುವ ಜಾಗದಲ್ಲಿ ತನ್ನ ಚಿಕ್ಕ ಚಿತ್ರ ಕೆತ್ತಿಸಿಕೊಂಡಿದ್ದಾನೆ. ಇದರ ಮುಂದೆ ನಾನು ಬರೆಯುವ ಪ್ರೇಮ ಸಪ್ಪೆ ಕಣೋ.

ಸಮಸ್ಯೆ ಆಗಿರುವುದು ಹುಡುಗನದು. ಕಾದಂಬರಿ ಅವಳದು, ಆದರೆ ಜೀವ ಬರುತ್ತಿರುವುದು ಮೂರನೇ ಥಟ್‌ಮೋಸ್‌ಗೆ. ಕಾರ್ನಾಕ್ ದೇವಸ್ಥಾನದ ಕೆಂಪು ಗುಡಿಯ ಚಿತ್ರಗಳಲ್ಲಿ ಅವಳು ಮುಂದೆ, ಅವನು ಹಿಂದೆ. ಇಬ್ಬರಿಗೂ ಒಂದೇ ಥರದ ಕಿರೀಟ. ಅವನು ಅವಳ ಬೆನ್ನು ನೋಡುತ್ತಾ ನಿಂತದ್ದನ್ನು ನಾನು ಪುಟಗಟ್ಟಲೆ ಬರೆದೆ. ಹಲ್ಲು ಕಚ್ಚುತ್ತಾನೆ, ಉಗುರು ಕಚ್ಚುತ್ತಾನೆ, ರಾತ್ರಿ ನಿದ್ದೆ ಇಲ್ಲ. ಓದಿದರೆ ನನಗೇ ಮೈ ಜುಮ್ಮೆನ್ನುತ್ತೆ.

ಆದರೆ ಸಿಗುವ ಆಧಾರ ಬೇರೆಯೇ ಹೇಳುತ್ತೆ. ಅವಳು ಅವನನ್ನು ಮೂಲೆಗೆ ಹಾಕಿರಲಿಲ್ಲ. ತನ್ನ ಆಳ್ವಿಕೆಯ ವರ್ಷಗಳನ್ನು ಕೂಡ ಅವನ ಲೆಕ್ಕದಲ್ಲೇ ಎಣಿಸಿದಳು. ಅವಳು ಹೋದದ್ದೇ ತಡ, ಅವನು ಸೈನ್ಯ ಕಟ್ಟಿಕೊಂಡು ಶತ್ರುಗಳು ಸೇರಿದ್ದ ಮೆಗಿದ್ದೊ ಊರಿಗೆ ಹೊರಟ. ದಾರಿ ಇಕ್ಕಟ್ಟು, ಬೇಡ ಅಂತ ಅಧಿಕಾರಿಗಳು ಹೇಳಿದರೂ ಕೇಳದೆ ಅದೇ ಕಣಿವೆಯಲ್ಲಿ ನುಗ್ಗಿ ಗೆದ್ದ. ಉಗುರು ಕಚ್ಚಿಕೊಂಡು ಬೆಳೆದ ಹುಡುಗ ಮಾಡುವ ಕೆಲಸವಾ ಇದು?

ಅವಳ ಹೆಸರನ್ನು ಉಳಿಯಿಂದ ಕೆತ್ತಿ ತೆಗೆಸಿದವನು ಅವನೇ, ನಿಜ. ಆದರೆ ಯಾವಾಗ? ಅವಳು ಸತ್ತು ಸುಮಾರು 20 ವರ್ಷ ಆದಮೇಲೆ! ಅದೂ ಅವಳು ರಾಜನಾಗಿ ಕಾಣಿಸುವ ಕಡೆ. ರಾಣಿಯಾಗಿದ್ದ ಕಾಲದವನ್ನು ಹೆಚ್ಚಾಗಿ ಮುಟ್ಟಿಲ್ಲ. ಮುಂದೆ ಮಗನ ಪಟ್ಟಕ್ಕೆ ತಕರಾರು ಬರಬಾರದು ಅನ್ನುವ ಲೆಕ್ಕಾಚಾರ ಇರಬೇಕು ಅಂತ ಈಗ ತುಂಬಾ ವಿದ್ವಾಂಸರು ಹೇಳುತ್ತಾರೆ. ಚಿತ್ರದ ಅಂಚು ಹಿಡಿದು ಕೆತ್ತಿದ್ದರಿಂದ ಗೋಡೆ ಮೇಲೆ ಅವಳದೇ ಆಕಾರದ ಗಾಯ ಉಳಿದಿದೆ. ಕಾರ್ನಾಕ್‌ನಲ್ಲಿ ಅವಳು ನಿಲ್ಲಿಸಿದ ಒಬೆಲಿಸ್ಕ್ ಇದೆಯಲ್ಲ, ಸುಮಾರು 30 ಮೀಟರ್ ಎತ್ತರದ ಒಂದೇ ಕಲ್ಲು, ಅದರ ಸುತ್ತ ಇವನು ಗೋಡೆ ಎಬ್ಬಿಸಿದ. ಗೋಡೆಯ ಮರೆಯಲ್ಲಿ ಕಲ್ಲು ಇನ್ನೂ ಚೆನ್ನಾಗಿ ಉಳಿಯಿತು. ಅದರ ಬುಡದಲ್ಲಿ ಅವಳು ಬರೆಸಿದ ಮಾತಿದೆ. ಮುಂದೆ ಇದನ್ನು ನೋಡುವ ಜನ ಏನಂತಾರೋ ಅಂತ ಮನಸ್ಸು ಅತ್ತಿತ್ತ ಹೊಯ್ದಾಡುತ್ತದೆ ಅಂತ. ಫೇರೋಗೂ ಅದೇ ಚಿಂತೆ ನೋಡು.

ಹಾಗಾದರೆ ನನ್ನ ಥಟ್‌ಮೋಸ್‌ಗೆ ಅಷ್ಟು ಹೊಟ್ಟೆಕಿಚ್ಚು ಬಂದದ್ದು ಎಲ್ಲಿಂದ?

ಹೇಳಿಯೇ ಬಿಡುತ್ತೇನೆ. ನಿನಗೆ ಬಹುಮಾನ ಬಂತು ಅಂತ ಗೊತ್ತಾದಾಗ ಮೊದಲು ಫೋನ್ ಮಾಡಿದವನು ನಾನು. ಆ ಖುಷಿ ಸುಳ್ಳಲ್ಲ. ಫೋನ್ ಇಟ್ಟು ಬರೆಯಲು ಕೂತೆ, ಥಟ್‌ಮೋಸ್‌ಗೆ ಮೊದಲ ಸಲ ಸಿಟ್ಟು ಬಂತು. ಅರ್ಧ ಪುಟ ಒಂದೇ ಉಸಿರಿಗೆ. ಆಮೇಲೆ ಹೋದ ಮಳೆಗಾಲದಲ್ಲಿ ಒಂದು ಕಡೆ ನಮ್ಮ ವಾರಿಗೆಯ ಕತೆಗಾರರ ಬಗ್ಗೆ ಮಾತಾಡಲು ಕರೆದಿದ್ದರು. ಹೆಸರು ಹೇಳುತ್ತಾ ಹೋದೆ. ನಿನ್ನದು ನಾಲಿಗೆ ತುದಿಗೆ ಬಂತು, ನುಂಗಿದೆ. ಕೆಳಗಿಳಿದ ಮೇಲೆ ಹಿರಿಯರೊಬ್ಬರು ನಿನ್ನ ಹೆಸರೆತ್ತಿ, ‘ಅವರನ್ನು ಬಿಟ್ಟಿರಲ್ಲ’ ಅಂದರು. ‘ಅಯ್ಯೋ, ಮರೆತೇ ಹೋಯ್ತು’ ಅಂದು ಚಹಾ ಕುಡಿದೆ. ನಿನ್ನ ಮೊದಲ ಕತೆಯನ್ನು ಕೈಬರಹದಲ್ಲೇ ಓದಿದವನು ನಾನು. ಮರೆಯುತ್ತೇನಾ?

ಆ ಮಹಾರಾಯನಿಗಾದರೂ ಮಗನ ಪಟ್ಟದ ನೆಪ ಇತ್ತು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಮಾರಾಯ. ಸುಮ್ನೆ ಪುಂಟ್ ಮರ, ಕೋತಿ ಅಂತ ನಗಿಸಿ ಮುಗಿಸೋಣ ಅಂದುಕೊಂಡಿದ್ದೆ. ಜಾಸ್ತಿ ಉಬ್ಬಬೇಡ. ಈ ಹೋಲಿಕೆಯಲ್ಲಿ ನೀನು ಫೇರೋ ಆದೆ ಸರಿ, ಆದರೆ ಗಡ್ಡ ಕಟ್ಟಿಕೊಂಡ ಹೆಂಗಸೂ ಆದೆ. ನಿನ್ನ ಅತ್ತಿಗೆ ಇದನ್ನು ಓದಿ, ‘ಯುದ್ಧ ಗೆದ್ದ ರಾಜನಿಗೆ ನಿಮ್ಮನ್ನು ಹೋಲಿಸಿಕೊಂಡಿರಾ? ಮೊದಲು ಗ್ಯಾಸ್ ಬುಕ್ ಮಾಡಿ’ ಅಂದಳು. ಮಾಡಿದೆ.

ಹುಡುಗನ ಅಧ್ಯಾಯಗಳನ್ನು ಕಳಿಸಿದ್ದೇನೆ. ಅವನ ಸಿಟ್ಟು ಎಲ್ಲೆಲ್ಲಿ ಅತಿಯಾಗಿದೆಯೋ ಗುರುತು ಹಾಕು. ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗುತ್ತೆ? ಜೊತೆಗೆ ಕತ್ತೆಯದೂ ಇದೆ. ಅದನ್ನು ಮಾತ್ರ ಮುಟ್ಟಬೇಡ, ಅದೊಂದು ಚೆನ್ನಾಗಿ ಬಂದಿದೆ.

ನಿನ್ನ,
ರಾಘು