ಮಕ್ಕಳ ಮಂಡಿ ಊತ: ಎಎಸ್‌ಒ ರಕ್ತಪರೀಕ್ಷೆ ಒಂದನ್ನೇ ನಂಬಬೇಡಿ

ಮಾನ್ಯ ಸಂಪಾದಕರೇ,

ಮಕ್ಕಳಿಗೂ ಸಂಧಿವಾತ ಬರುತ್ತದೆ ಎಂದರೆ ನಮ್ಮ ಮೈಸೂರು, ಮಂಡ್ಯ ಕಡೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ನಂಬುವುದಿಲ್ಲ. ಮಂಡಿ ಊದಿದರೆ ಬಿದ್ದಿರಬೇಕು, ಉಳುಕಿರಬೇಕು ಎಂದು ಎಣ್ಣೆ ನೀವುತ್ತಾರೆ, ಪಟ್ಟು ಹಾಕಿಸುತ್ತಾರೆ. 16 ವರ್ಷದೊಳಗೆ ಶುರುವಾಗಿ, ಬೇರೆ ಕಾರಣ ಸಿಗದೆ, 6 ವಾರವಾದರೂ ಇಳಿಯದ ಕೀಲೂತವನ್ನು ವೈದ್ಯರು ಜೆಐಎ (ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಅಂದರೆ ಕಾರಣ ತಿಳಿಯದ ಮಕ್ಕಳ ಸಂಧಿವಾತ) ಎನ್ನುತ್ತಾರೆ.

ಇದರ ಗುರುತು ಸಿಗುವುದು ಬೆಳಿಗ್ಗೆ. ಮಗು ಹಾಸಿಗೆಯಿಂದೆದ್ದು ಗೋಡೆ ಹಿಡಿದು ಕುಂಟುತ್ತದೆ, ಕುಕ್ಕರಗಾಲಲ್ಲಿ ಕೂರಲು ಒಲ್ಲೆ ಎನ್ನುತ್ತದೆ. ಹತ್ತು ಗಂಟೆಗೆ ಶಾಲೆಯ ಮೈದಾನದಲ್ಲಿ ಓಡುತ್ತಿರುತ್ತದೆ. ದಯವಿಟ್ಟು ಇದನ್ನು ನೆಪ ಎನ್ನಬೇಡಿ. ರಾತ್ರಿಯಿಡೀ ಅಲುಗದ ಕೀಲು ಬಿಗಿದಿರುತ್ತದೆ, ಓಡಾಡಿದ ಮೇಲೆ ಸಡಿಲವಾಗುತ್ತದೆ. ಬೆಳೆಯುವ ಮಕ್ಕಳ ಸಾಮಾನ್ಯ ಕಾಲುನೋವು ಹಾಗಲ್ಲ: ಸಂಜೆ ಅಥವಾ ರಾತ್ರಿ ಎರಡೂ ಕಾಲು ನೋಯುತ್ತವೆ, ಬೆಳಗಾದರೆ ಏನೂ ಇರುವುದಿಲ್ಲ, ಊತವಂತೂ ಇಲ್ಲವೇ ಇಲ್ಲ. ಮಗುವನ್ನು ಮಲಗಿಸಿ ಎರಡೂ ಮಂಡಿಗಳನ್ನು ಹೋಲಿಸಿ ನೋಡಿ. ಚಿಪ್ಪಿನ ಪಕ್ಕದ ಗುಳಿ ಒಂದರಲ್ಲಿ ತುಂಬಿಕೊಂಡಿದೆಯೇ? ಹಿಂಗೈ ಇಟ್ಟರೆ ಬೆಚ್ಚಗಿದೆಯೇ? ಹೌದಾದರೆ, ಮಗು ನೋವೆನ್ನದಿದ್ದರೂ ತೋರಿಸಲೇಬೇಕು.

ನಮಗೆ ಹೆಚ್ಚು ಸಂಕಟವಾಗುವುದು ಎಎಸ್‌ಒ ರಕ್ತಪರೀಕ್ಷೆಯ ವಿಷಯದಲ್ಲಿ. ಅದು ಏರಿದ್ದರೆ ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ಬಂದುಹೋಗಿದೆ ಎಂದಷ್ಟೇ ಅರ್ಥ; ಶಾಲೆ ಮಕ್ಕಳಲ್ಲಿ ಅದು ಮಾಮೂಲಿ. ಅಷ್ಟಕ್ಕೇ ರುಮ್ಯಾಟಿಕ್ ಜ್ವರವೆಂದು (ಆ ಸೋಂಕಿನ ನಂತರ ಕೀಲು, ಹೃದಯಕ್ಕೆ ತಗಲುವ ಕಾಯಿಲೆ) ತೀರ್ಮಾನಿಸಿ, 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸುತ್ತಾ ವರ್ಷ ಕಳೆಯುವುದುಂಟು. ಆ ಜ್ವರ ನಿಜವಾಗಿ ಬಂದ ಮಗುವಿನ ಹೃದಯ ಉಳಿಸಲು ಈ ಇಂಜೆಕ್ಷನ್ ಬೇಕೇ ಬೇಕು. ಆದರೆ ಆ ಜ್ವರದ ಕೀಲುನೋವು ಒಂದೇ ಕಡೆ ನಿಲ್ಲುವುದಿಲ್ಲ: ಇವತ್ತು ಮಂಡಿ, ನಾಡಿದ್ದು ಮೊಣಕೈ, ಕೆಲವು ವಾರಗಳಲ್ಲಿ ಪೂರ್ತಿ ಮಾಯ. ತಿಂಗಳುಗಟ್ಟಲೆ ಅದೇ ಮಂಡಿ ಊದಿಕೊಂಡಿದ್ದರೆ ಪೆನಿಸಿಲಿನ್‌ನಿಂದ ಪ್ರಯೋಜನವಿಲ್ಲ. ಸಂಧಿವಾತಕ್ಕೆಂದು ಮಾಡುವ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ನೆಗೆಟಿವ್ ಬಂತೆಂದು ನಿರಾಳವಾಗುವುದೂ ತಪ್ಪು. ಜೆಐಎ ಇರುವ ಬಹುಪಾಲು ಮಕ್ಕಳಲ್ಲಿ ಅದು ನೆಗೆಟಿವೇ.

ಒಂದೇ ಕೀಲು ಊದಿದ್ದರೆ ಕ್ಷಯ ಅಲ್ಲವೆಂದೂ, ರಾತ್ರಿ ನಿದ್ದೆಗೆಡಿಸುವ ಮೂಳೆನೋವಿದ್ದರೆ ರಕ್ತದ ಕ್ಯಾನ್ಸರ್ ಅಲ್ಲವೆಂದೂ ಖಚಿತವಾಗದೆ ಸ್ಟೀರಾಯ್ಡ್ ಕೊಡಬಾರದು. ಜ್ವರವಿದ್ದು, ಕೀಲು ಮುಟ್ಟಲೂ ಮಗು ಬಿಡದಿದ್ದರೆ ಒಳಗೆ ಕೀವಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಒಂದೆರಡು ಕೀಲಿಗಷ್ಟೇ ಬಂದಿದ್ದರೆ ಕೀಲಿನೊಳಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಹಲವು ಕೀಲುಗಳಿಗೆ ಹಬ್ಬಿದ್ದರೆ ಮೆಥೊಟ್ರೆಕ್ಸೇಟ್ ಎಂಬ ಔಷಧ, ಅದೂ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿಸಿದರೆ ಬಾಯಿಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಅಪಾಯ. ಮೆಡಿಕಲ್ ಶಾಪಿನವರು ಕವರಿನ ಮೇಲೆ ‘ಭಾನುವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆದುಕೊಟ್ಟರೆ ದೊಡ್ಡ ಉಪಕಾರ. ಗುಣ ಕಾಣಲು 6ರಿಂದ 12 ವಾರ ಹಿಡಿಯುತ್ತದೆ, ಮೂರನೇ ವಾರಕ್ಕೇ ಬಿಡಬೇಡಿ. ರಕ್ತಕಣ ಮತ್ತು ಲಿವರ್ ಪರೀಕ್ಷೆ ಆಗಾಗ ಆಗುತ್ತಿರಬೇಕು.

ಕೊನೆಯದಾಗಿ ಕಣ್ಣು. ಜೆಐಎ ಜೊತೆಗೆ ಎಎನ್‌ಎ ಎಂಬ ರಕ್ತಪರೀಕ್ಷೆ ಪಾಸಿಟಿವ್ ಇರುವ ಪುಟ್ಟ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕಣ್ಣಿನೊಳಗೆ ಉರಿಯೂತವಾಗುವ ಸಂಭವ ಹೆಚ್ಚು. ಸಾಮಾನ್ಯವಾಗಿ ಕಣ್ಣು ಕೆಂಪಾಗದು, ನೋಯದು. ದೃಷ್ಟಿ ಹೋದ ಮೇಲೇ ಗೊತ್ತಾಗುವುದು. ಮಂಡಿ ವಾಸಿಯಾಗಿದ್ದರೂ 3 ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ (ಕಣ್ಣಿನೊಳಗನ್ನು ದೊಡ್ಡದಾಗಿ ತೋರಿಸುವ ಉಪಕರಣ) ಪರೀಕ್ಷೆ ಆಗಲೇಬೇಕು. ಕೆ.ಆರ್. ಆಸ್ಪತ್ರೆಯ, ಮಂಡ್ಯದ ಮಿಮ್ಸ್‌ನ ಕಣ್ಣಿನ ವಿಭಾಗಗಳು ವಾರದಲ್ಲಿ ಒಂದು ಬೆಳಿಗ್ಗೆಯನ್ನು ಈ ಮಕ್ಕಳಿಗೆಂದೇ ಮೀಸಲಿಡಲಿ ಎಂದು ಕೋರುತ್ತೇವೆ.

– ಮಕ್ಕಳ ಕೀಲುರೋಗ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು, ಮೈಸೂರು